ಸಾಹೇಬರ ಆನಂದಬಾಷ್ಪ

ಬಡ್ತಿ ಕೊಡಬೇಕಾದ ಸಾಹೇಬರು ಗುಮಾಸ್ತನನ್ನು ಜಪಾನಿ ಹೋಟೆಲಿಗೆ ಎಳೆದೊಯ್ದರು. ತಟ್ಟೆಯಲ್ಲಿ ಹಸಿ ಮೀನು, ಪಕ್ಕದಲ್ಲಿ ಹಸಿರು ಮುದ್ದೆ.

"ತಿಂದು ನೋಡಯ್ಯ. ಇದರ ರುಚಿ ತಿಳಿಯದವನಿಗೆ ಬಡ್ತಿ ಎಲ್ಲಿಯದು?"

ಗುಮಾಸ್ತ ಲೆಕ್ಕ ಹಾಕಿದ. ತಿಂದರೆ ವಾಂತಿ ಖಂಡಿತ, ಬಿಟ್ಟರೆ ಬಡ್ತಿ ಹೋಯಿತು. ಕೈಮುಗಿದು ಹೇಳಿದ: "ದೊಡ್ಡವರು ತುತ್ತು ಎತ್ತದೆ ನಮ್ಮ ಕಡೆ ಚಿಕ್ಕವರು ಊಟ ಮುಟ್ಟೋದಿಲ್ಲ ಸಾರ್."

ಸಾಹೇಬರೂ ಆ ತಿನಿಸನ್ನು ಕಂಡದ್ದು ಅಂದೇ ಮೊದಲು. ಆದರೆ ಬಿಂಕ ಬಿಡುವುದುಂಟೆ? ಪುದೀನ ಚಟ್ನಿಯೆಂದುಕೊಂಡು ಹಸಿರು ಮುದ್ದೆಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡರು. ನೆತ್ತಿಯವರೆಗೂ ಉರಿ ಏರಿತು. ಕಣ್ಣಲ್ಲಿ ದಳದಳ ನೀರು.

"ಅಯ್ಯೋ, ಏನಾಯ್ತು ಸಾರ್?"

"ಏನಿಲ್ಲ... ಆನಂದಬಾಷ್ಪ!"

ಗುಮಾಸ್ತ ತನ್ನ ತಟ್ಟೆಯನ್ನೂ ಮೆಲ್ಲಗೆ ಅವರ ಮುಂದೆ ಸರಿಸಿದ. "ಇಷ್ಟು ಆನಂದ ಆಗೋದಾದ್ರೆ ನನ್ನ ಪಾಲೂ ತಮಗೇ ಸಾರ್."

ಸಾಹೇಬರು ಆ ತಟ್ಟೆಯನ್ನು ನೋಡಿ ಬೆವತರು.

"ಬಡ್ತಿ ನಿನಗೇ ಕಣಯ್ಯ," ಎಂದು ಪಿಸುಗುಟ್ಟಿದರು. "ಮೊದಲು ಮೊಸರನ್ನ ಎಲ್ಲಿ ಸಿಗುತ್ತೆ ಹೇಳು."