ಏಳನೆಯ ಒಲೆಯ ಗೋಡೆ

"ಗುರುಗಳೇ, ಕೇಳಿದರೂ ಉತ್ತರ ಕೊಡದವನ ಲೆಕ್ಕವನ್ನು ಹೇಗೆ ಬರೆಯಬೇಕು?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಫಕ್ಕೀರೇಶ. ಕಂಪ್ಯೂಟರಿನ ಕೆಲಸ ಅವನದು. ಕೈಯಲ್ಲಿ ಒಂದು ಹಾಳೆ ಹಿಡಿದು ಬಂದಿದ್ದ. ಸಂಜೆಯೊಳಗೆ ಅದಕ್ಕೆ ಸಹಿ ಹಾಕಿ ಕೊಡಬೇಕಿತ್ತು.

"ನಿನ್ನ ಯಂತ್ರ ನನಗೆ ಗೊತ್ತಿಲ್ಲ. ತಿಳಿಯುವ ಹಾಗೆ ಹೇಳು," ಎಂದರು ಗುರುಗಳು.

"ನಾವು ಒಂದು ಬ್ರೌಸರ್ ಮಾಡುತ್ತೇವೆ, ಗುರುಗಳೇ. ಜನ ಫೋನಿನಲ್ಲಿ ಸುದ್ದಿ ಓದುವುದು, ರೈಲಿನ ಟಿಕೆಟ್ ತೆಗೆಯುವುದು ಅದರಲ್ಲಿ. ಹೊರಗಿನಿಂದ ನೋಡಿದರೆ ಒಂದೇ. ಒಳಗೆ ಹತ್ತಾರು ಪ್ರೋಸೆಸ್‌ಗಳು. ಕೆಲಸಗಾರರು ಅಂತ ಇಟ್ಟುಕೊಳ್ಳಿ. ಒಂದೊಂದು ಪುಟಕ್ಕೆ ಒಬ್ಬೊಬ್ಬ. ಒಬ್ಬ ಬಿದ್ದರೆ ಉಳಿದವರು ಬೀಳಬಾರದು ಅಂತ ಒಬ್ಬೊಬ್ಬನಿಗೂ ಬೇರೆ ಬೇರೆ ಕೋಣೆ. ಇವರ ಮೇಲೆ ಒಬ್ಬ ಹಿರಿಯ. ನಿನ್ನ ಪುಟ ತೆರೆಯಲು ಎಷ್ಟು ಹೊತ್ತು ಹಿಡಿಯಿತು ಅಂತ ಅವನು ಎಲ್ಲರನ್ನೂ ಕೇಳುತ್ತಾನೆ. ಬಂದ ಉತ್ತರ ಕೂಡಿಸಿ ನನಗೆ ಕೊಡುತ್ತಾನೆ."

"ಹೇಳದಿದ್ದವರು?"

"ಹತ್ತು ಸೆಕೆಂಡು ಕಾಯುತ್ತಾನೆ. ಆಮೇಲೆ ಬಿಟ್ಟುಬಿಡುತ್ತಾನೆ. ಈ ಸಲ ಹನ್ನೆರಡರಲ್ಲಿ ಹತ್ತು ಮಂದಿ ಹೇಳಿದರು. ಇಬ್ಬರು ಸುಮ್ಮನಿದ್ದರು. ಹತ್ತು ಮಂದಿಯ ಸರಾಸರಿಯನ್ನೇ ಆ ಇಬ್ಬರಿಗೂ ಬರೆದೆ. ಬ್ರೌಸರ್ ಚುರುಕಾಗಿದೆ ಎಂದು ಹಾಳೆ ಹೇಳುತ್ತದೆ. ನಾನು ಸಹಿ ಹಾಕಿದರೆ ನಾಳೆ ಅದು ಲಕ್ಷಾಂತರ ಜನರ ಕೈಗೆ ಹೋಗುತ್ತದೆ. ಆದರೆ ಮೊದಲೇ ಕೆಲವರಿಗೆ ಕೊಟ್ಟು ನೋಡಿದ್ದೆವು. ಅವರು, ನಡುವೆ ನಿಂತುಬಿಡುತ್ತದೆ ಅಂತ ದೂರುತ್ತಾರೆ. ಅವರ ಫೋನು ಹಳೆಯದಿರಬೇಕು ಅಂದುಕೊಂಡೆ."

"ಆ ಕೆಲಸಗಾರರು ತಾವು ಮಾಡಿದ್ದನ್ನು ಎಲ್ಲಾದರೂ ಬರೆದಿಡುತ್ತಾರೇನು?"

"ಬರೆದಿಡುತ್ತಾರೆ. ಹಿರಿಯನೂ ಓದಬಹುದಾದ ಒಂದು ಜಾಗ ಇದೆ. ಬರೆದವನು ಸತ್ತರೂ ಬರೆದದ್ದು ಅಲ್ಲಿ ಉಳಿಯುತ್ತದೆ. ಆದರೆ ಅದನ್ನು ತೆರೆದು ಓದುವುದೇ ಬೇರೆ ಕೆಲಸ, ಗುರುಗಳೇ. ಕೇಳಿದರೆ ಹೇಳುತ್ತಾರಲ್ಲ ಅಂತ ಅತ್ತ ಹೋಗಲಿಲ್ಲ."

ಅದಕ್ಕೆ ಗುರುಗಳು ಈ ಕತೆ ಹೇಳಿದರು.

ಒಬ್ಬ ರೊಟ್ಟಿ ವ್ಯಾಪಾರಿ ಇದ್ದ. ಅವನ ರೊಟ್ಟಿಮನೆಯಲ್ಲಿ ಏಳು ಒಲೆ. ಮೊದಲು ಏಳೂ ಒಂದೇ ಸೂರಿನ ಕೆಳಗಿದ್ದವು. ಒಂದು ಬೇಸಿಗೆಯಲ್ಲಿ ಒಂದು ಒಲೆಯ ಕಿಡಿ ಹಾರಿ ಎಲ್ಲವೂ ಸುಟ್ಟುಹೋಯಿತು. ಅದಾದ ಮೇಲೆ ಅವನು ಅಂಗಳದ ಸುತ್ತ ಏಳು ಕೋಣೆ ಕಟ್ಟಿಸಿದ. ಒಂದೊಂದರಲ್ಲಿ ಒಂದು ಒಲೆ, ಒಬ್ಬ ಹೆಂಗಸು. ಒಬ್ಬಳಿಗೆ ಇನ್ನೊಬ್ಬಳು ಕಾಣುತ್ತಿರಲಿಲ್ಲ. ಬಡಿದ ರೊಟ್ಟಿ ಹಿಂದಿನ ಕಿಟಕಿಯಿಂದ ಹೊರುವವನ ಬುಟ್ಟಿಗೆ ಹೋಗುತ್ತಿತ್ತು. ಅಲ್ಲಿಂದ ಪೇಟೆಯ ಖಾನಾವಳಿಗಳಿಗೆ.

ಏಳನೆಯ ಕೋಣೆಯಲ್ಲಿ ಹೊಗೆ ಸರಿಯಾಗಿ ಹೊರಗೆ ಹೋಗುತ್ತಿರಲಿಲ್ಲ. ಅಲ್ಲಿ ಕೂತವರು ಎರಡು ದಿನಕ್ಕೆ ಎದ್ದು ಹೋಗುತ್ತಿದ್ದರು. ಕೊನೆಗೆ ವ್ಯಾಪಾರಿಯ ಹೆಂಡತಿ ಕೂತಳು. ಅವಳು ಏಳಲಿಲ್ಲ.

ಯಾವ ಒಲೆ ಎಷ್ಟು ಚುರುಕಾಗಿ ನಡೆಯುತ್ತದೆ ಎಂದು ವ್ಯಾಪಾರಿಗೆ ತಿಳಿಯಬೇಕಿತ್ತು. ಮೊದಮೊದಲು ಕೋಣೆ ಕೋಣೆಗೆ ಹೋಗಿ ನೋಡಿದ. ಅವನು ಬಾಗಿಲಿಗೆ ಬಂದರೆ ಹೆಂಗಸರು ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುತ್ತಿದ್ದರು. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು.

"ನೀವು ನೋಡಾಕ ಬಂದ್ರ ನಾವು ಬಡಿಯೂದ ನಿಲ್ತೈತ್ರೀ, ಅಣ್ಣಾರ. ಬರೂದಿದ್ರ ಒಂದು ಒಲಿ ಹಿಡಕೊಂಡು ಕೂಡ್ರಿ," ಎಂದು ಮೂರನೆಯ ಕೋಣೆಯವಳು ನಕ್ಕಳು.

ಅವಳು ಹೇಳಿದ್ದು ಸರಿ ಎನಿಸಿತು. ಅಂದಿನಿಂದ ಅವನು ಕೋಣೆಗಳಿಗೆ ಹೋಗುವುದನ್ನೇ ಬಿಟ್ಟ. ಅಂಗಳದ ಕಟ್ಟೆಯ ಮೇಲೆ ಕೂತು ದಿನಕ್ಕೊಮ್ಮೆ ಒಂದು ತಾಟು ಬಾರಿಸುತ್ತಿದ್ದ. ಎಷ್ಟು ರೊಟ್ಟಿ ಆಯಿತೆಂದು ಹೆಂಗಸರು ಕೂತಲ್ಲಿಂದಲೇ ಕೂಗಬೇಕು. ತಾಟು ಬಾರಿಸಿದವನು ಒಂದು ವೀಳ್ಯದೆಲೆ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಅದನ್ನು ಅಗಿದು ಮುಗಿಸುವುದರೊಳಗೆ ಬಂದ ಕೂಗನ್ನು ಪಟ್ಟಿಯಲ್ಲಿ ಬರೆದುಕೊಳ್ಳುತ್ತಿದ್ದ. ತಡವಾಗಿ ಬಂದದ್ದನ್ನು ಬರೆಯುತ್ತಿರಲಿಲ್ಲ. ಒಬ್ಬಳಿಗೆಂದು ಕಾದರೆ ನಾಳೆ ಎಲ್ಲರೂ ಕಾಯಿಸುತ್ತಾರೆ ಎಂಬುದು ಅವನ ಯೋಚನೆ.

ಆರು ಕೋಣೆಗಳಿಂದ ಕೂಗು ಬರುತ್ತಿತ್ತು. ಏಳನೆಯದರಿಂದ ಕೆಮ್ಮು ಬರುತ್ತಿತ್ತು. ಕೆಮ್ಮು ನಿಂತು ಮಾತು ಹೊರಡುವ ಹೊತ್ತಿಗೆ ಎಲೆ ಮುಗಿದಿರುತ್ತಿತ್ತು. ವ್ಯಾಪಾರಿ ಆರು ಮಂದಿಯದನ್ನು ಕೂಡಿಸಿ ಆರರಿಂದ ಭಾಗಿಸುತ್ತಿದ್ದ. ನೂರರ ಆಸುಪಾಸು ಬರುತ್ತಿತ್ತು. ಏಳನೆಯದಕ್ಕೂ ನೂರೆಂದೇ ಬರೆಯುತ್ತಿದ್ದ. ಮನೆಯವಳು ಉಳಿದವರಿಗಿಂತ ಕಡಿಮೆ ಬಡಿಯಲಾರಳು ಎಂದು ಅವನಿಗೆ ನಂಬಿಕೆ.

ಕೆಲವು ತಿಂಗಳಿಗೆ ಖಾನಾವಳಿಯವರು ರೊಟ್ಟಿ ಕಡಿಮೆ ಬರುತ್ತಿವೆ ಎಂದು ಹೇಳಿ ಕಳಿಸಿದರು. ವ್ಯಾಪಾರಿ ಪಟ್ಟಿ ತೆಗೆದು ನೋಡಿದ. ಪಟ್ಟಿಯಲ್ಲಿ ಎಲ್ಲ ಸರಿಯಾಗಿತ್ತು. ಹೊರುವವನನ್ನು ಕರೆಸಿದ.

"ದಾರ್ಯಾಗ ಎಷ್ಟು ತಿಂತೀಯೋ?"

"ನಾ ಹೊರೂದು ನಿಮ್ಮ ಬುಟ್ಟಿ, ತಿನ್ನೂದು ನಿಮ್ಮ ಬೈಗಳ. ಹೊಟ್ಟಿ ಅದರಾಗ ತುಂಬತೈತ್ರಿ," ಎಂದ ಅವನು.

ವ್ಯಾಪಾರಿ ಅವನನ್ನು ಬಿಡಿಸಿ ಬೇರೆಯವನನ್ನು ಇಟ್ಟುಕೊಂಡ. ಆಗಲೂ ರೊಟ್ಟಿ ಕಡಿಮೆಯೇ ಬಂದವು.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು.

"ನನ್ನ ಲೆಕ್ಕ ಬರಕೊಂಡ್ರೇನ್ರಿ?"

"ಕರದಾಗ ನಿನಗ ಬಾಯಿ ಇರೂದಿಲ್ಲ. ಉಣ್ಣಾಕ ಕೂತಾಗ ಬರ್ತೈತಿ."

"ಇರೂದೊಂದ ಬಾಯಿ, ಅದು ಕೆಮ್ಮಿಗೇ ಸಾಲವಲ್ದು. ಗ್ವಾಡಿ ಮ್ಯಾಲೆ ಗೆರಿ ಎಳದಿಟ್ಟೀನಿ. ಬಂದು ನೋಡ್ರಿ."

"ನಾಳೆ ಬರ್ತೀನಿ ಬಿಡು."

ಅವಳು ನಕ್ಕು ಮಜ್ಜಿಗೆ ಹಾಕಿದಳು.

ನಾಳೆ ಬಂತು. ಅವನು ತಾಟು ಬಾರಿಸಿದ. ಎಲೆ ಅಗಿದ. ಪಟ್ಟಿ ಬರೆದ. ಅದರ ಮರುದಿನವೂ ಹಾಗೆಯೇ ಆಯಿತು. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಅವನಿಗೂ ಮರೆತುಹೋಯಿತು.

ಒಂದು ದಿನ ತಾಟು ಬಾರಿಸಿದಾಗ ಏಳನೆಯ ಕೋಣೆಯಿಂದ ಕೆಮ್ಮು ಕೂಡ ಬರಲಿಲ್ಲ. ಅದು ಅವನ ಗಮನಕ್ಕೆ ಬಂತು. ಕೆಮ್ಮು ಕಡಿಮೆಯಾಗಿದೆ, ಒಳ್ಳೆಯದಾಯಿತು ಎಂದುಕೊಂಡ. ನೂರೆಂದು ಬರೆದ.

ಮಧ್ಯಾಹ್ನ ಅವಳು ಊಟಕ್ಕೆ ಬಡಿಸಲು ಬರಲಿಲ್ಲ. ಆರನೆಯ ಕೋಣೆಯವಳು ಕರೆಯಲು ಹೋದಳು. ಹೋದವಳು ಅಲ್ಲಿಂದಲೇ ಚೀರಿದಳು. ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು. ಅವಳ ಮುಂದಿದ್ದ ಒಲೆ ಆರಿತ್ತು. ನಾದಿದ ಹಿಟ್ಟು ಮೇಲ್ಮೇಲೆ ಒಣಗಿತ್ತು.

ಅವನ ಪಟ್ಟಿಯಲ್ಲಿ ಆ ದಿನವೂ ಅವಳು ನೂರು ರೊಟ್ಟಿ ಬಡಿದಿದ್ದಳು.

ಮಣ್ಣು ಮಾಡಿ ಬಂದ ಮೇಲೆ ಅವನು ಏಳನೆಯ ಕೋಣೆಗೆ ಹೋದ. ಗೋಡೆ ನೋಡಿದ. ಇದ್ದಿಲಿನಿಂದ ಎಳೆದ ಗೆರೆಗಳಿದ್ದವು. ಹತ್ತು ರೊಟ್ಟಿಗೆ ಒಂದು ಗೆರೆ, ದಿನಕ್ಕೆ ಒಂದು ಸಾಲು. ಮೇಲಿನ ಸಾಲುಗಳಲ್ಲಿ ಹನ್ನೆರಡು ಹದಿಮೂರು ಗೆರೆಗಳು. ಕೆಳಗೆ ಬಂದ ಹಾಗೆ ಒಂಬತ್ತು, ಎಂಟು, ಆರು. ಕೊನೆಯ ಸಾಲಿನಲ್ಲಿ ಒಂದೇ ಗೆರೆ. ಅದೂ ಅರ್ಧಕ್ಕೆ ನಿಂತಿತ್ತು.

ಎಷ್ಟು ರೊಟ್ಟಿ ಕಡಿಮೆ ಬರುತ್ತಿದ್ದವೋ ಅಷ್ಟೂ ಆ ಗೋಡೆಯ ಮೇಲಿತ್ತು. ಅವಳಿಗೆ ಉಸಿರು ಎಷ್ಟು ಕಡಿಮೆಯಾಗುತ್ತಾ ಬಂದಿತ್ತು ಎನ್ನುವುದೂ ಇತ್ತು. ಯಾವ ದಿನ ನೋಡಿದ್ದರೂ ತಿಳಿಯುತ್ತಿತ್ತು. ಓದು ಬರದವನಿಗೂ ತಿಳಿಯುತ್ತಿತ್ತು. ಕೆಲಸ ಮುಗಿದು ಹೆಂಗಸರು ಮನೆಗೆ ಹೋದ ಮೇಲೆ ನೋಡಿದ್ದರೆ ಯಾರೂ ಎದ್ದು ನಿಲ್ಲಬೇಕಾಗಿರಲಿಲ್ಲ. ಒಂದು ರೊಟ್ಟಿಯೂ ಸೀಯುತ್ತಿರಲಿಲ್ಲ.

ಅವನು ಗೋಡೆಯ ಹತ್ತಿರ ಕೂತು ಕೊನೆಯ ಸಾಲಿನಿಂದ ಮೇಲಕ್ಕೆ ಬೆರಳಿಟ್ಟು ಎಣಿಸಿದ. 'ನಾಳೆ ಬರ್ತೀನಿ ಬಿಡು' ಎಂದ ದಿನದ ಸಾಲು ಸಿಕ್ಕಿತು. ಅದರಲ್ಲಿ ಎಂಟು ಗೆರೆಗಳಿದ್ದವು. ಅದರ ಕೆಳಗೆ ಇಪ್ಪತ್ತೆರಡು ಸಾಲುಗಳಿದ್ದವು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಫಕ್ಕೀರೇಶ ಹಾಳೆಯನ್ನು ನೋಡಿದ. ಸುಮ್ಮನಿದ್ದ ಇಬ್ಬರ ಮುಂದೆ ತಾನು ಬರೆದ ಸಂಖ್ಯೆ ನೋಡಿದ. ಪೆನ್ನು ತೆಗೆದು ಎರಡನ್ನೂ ಹೊಡೆದುಹಾಕಿದ.

"ತಪ್ಪಾಯಿತು, ಗುರುಗಳೇ. ಹತ್ತು ಸೆಕೆಂಡು ಸಾಲದು. ಇನ್ನು ಮೇಲೆ ಇಪ್ಪತ್ತು ಕಾಯುತ್ತೇನೆ," ಎಂದ.

ಗುರುಗಳು ಅವನ ಮುಖ ನೋಡಲಿಲ್ಲ.

"ಕಟ್ಟೆಯಿಂದ ಆ ಕೋಣೆಗೆ ಹದಿನಾಲ್ಕೇ ಹೆಜ್ಜೆ, ತಮ್ಮಾ."