ಗುರು 'ಅದು' ಅಂದಾಗ

ಈ ಕಥೆ ಮೊದಲು ಹೇಳಿದವರು ನನ್ನ ಸೋದರತ್ತೆ ವಿಮಲಾಬಾಯಿ. ಅರ್ಧಕ್ಕೆ ಬಂದಾಗ ಅವರೇ ನಕ್ಕುಬಿಡುತ್ತಿದ್ದರು.

ಫಿನ್‌ಲೆಂಡಿನಲ್ಲಿ ಒಂದು ಸರೋವರ. ದಡದಲ್ಲಿ ಮರದ ಮನೆ. ಅಲ್ಲಿ ಐಲಿ ಎಂಬ ಮುದುಕಿ ನೇಯ್ಗೆ ಕಲಿಸುತ್ತಿದ್ದಳು. ಇಳಕಲ್ಲಿನ ಶಿವಲೀಲಾ ಅವಳ ಶಿಷ್ಯೆ.

ಬಂದ ಹೊಸತರಲ್ಲಿ ಶಿವಲೀಲಾ ಗುರುವಿಗೆ 'ತೆ' ಅಂದಳು. ಆ ಭಾಷೆಯಲ್ಲಿ 'ನೀವು'. ಐಲಿ ಹಿಂದಕ್ಕೆ ತಿರುಗಿ, ಇನ್ಯಾರು ಬಂದರು ಎಂದು ನೋಡಿದಳು. ಇಲ್ಲಿರೋದು ನಾನೊಬ್ಬಳೇ, ನೀನು ಅಂದರೆ ಸಾಕು ಅಂದಳು.

ಗುರುವಿಗೆ ಏಕವಚನ. ಶಿವಲೀಲಾ ಅದನ್ನು ಹೇಗೋ ನುಂಗಿಕೊಂಡಳು. ಆಮೇಲೆ ನಡೆದದ್ದನ್ನು ನುಂಗಲಾಗಲಿಲ್ಲ.

ಒಂದು ಬೆಳಿಗ್ಗೆ ಪಕ್ಕದ ಮನೆಯವನು ಬಂದು ಶಿಷ್ಯೆ ಹೇಗೆ ಅಂತ ವಿಚಾರಿಸಿದ. 'ಸೆ' ಚೆನ್ನಾಗಿ ನೇಯುತ್ತೆ, ಅಂದಳು ಐಲಿ. 'ಸೆ' ಅಂದರೆ 'ಅದು'. ನಾಯಿ ಎಲ್ಲಿ ಅಂತ ಕೇಳಿದ. 'ಹ್ಯಾನ್' ಮಲಗಿದ್ದಾರೆ, ಅಂದಳು. ಶಿವಲೀಲಾ ಓದಿದ ಪುಸ್ತಕದಲ್ಲಿ 'ಹ್ಯಾನ್' ಇದ್ದದ್ದು ಮನುಷ್ಯರಿಗೆ, ಹೆಣ್ಣಾದರೂ ಗಂಡಾದರೂ.

ಶಿವಲೀಲಾ ಒಳಗೆ ಹೋಗಿ ಪೆಟ್ಟಿಗೆ ಕಟ್ಟಿದಳು. ಮಗ್ಗದ ಮೇಲೆ ಅರ್ಧ ನೇಯ್ದ ಬಟ್ಟೆ ಹಾಗೇ ಇತ್ತು.

"ಊರಿಗೆ ಹೊರಟೆ. ನಾಯಿಗಿರೋ ಮರ್ಯಾದೆ ಇಲ್ಲಿ ನನಗಿಲ್ಲ."

ಐಲಿ ಒಲೆಯ ಮುಂದೆ ಮಲಗಿದ್ದ ನಾಯಿಯನ್ನು ನೋಡಿದಳು.

"ಅವರು ಏನೂ ಕೆಲಸ ಮಾಡೋದಿಲ್ಲ. ಮರ್ಯಾದೆಯಾದರೂ ಇರಲಿ."

ಶಿವಲೀಲಾ ನಗಲಿಲ್ಲ.

ಹೊರಡುವವಳು ಮನೆಗೊಂದು ಮಾತು ತಿಳಿಸು ಎಂದು ಐಲಿ ಫೋನು ಕೈಗಿಟ್ಟಳು.

ಅತ್ತ ತಂಗಿ ಎತ್ತಿದಳು. ಹೇಳಬೇಕಾದ್ದು ಹಿಂದೆ ಉಳಿಯಿತು, ಬೇರೆ ಮಾತು ಮುಂದೆ ಬಂತು. ಅದು ಎದ್ದಿತಾ? ಅದಕ್ಕೆ ಹಲ್ಲು ಬಂತಾ? ಅದರ ಕಿವಿಗೆ ಫೋನು ಹಿಡಿಯೇ. ಅದನ್ನು ನೋಡದೆ ಇಲ್ಲಿ ನನಗೆ ಅನ್ನ ಇಳಿಯೋದಿಲ್ಲ ಕಣೇ. ಕೊನೆಗೆ, ಬರುವ ಸುದ್ದಿ ಹೇಳುವುದನ್ನೇ ಮರೆತು ಫೋನು ಇಟ್ಟಳು.

ಐಲಿ ಕೇಳಿದಳು, "ಮಾತುಮಾತಿಗೂ ಏನೋ 'ಅದು' ಅಂತಿದ್ದೆ. ಹಾಗಂದರೆ?"

"'ಸೆ'," ಅಂದಳು ಶಿವಲೀಲಾ, ಕಣ್ಣೊರೆಸಿಕೊಳ್ಳುತ್ತ.

"ಯಾವುದು? ಮನೆಯ ಪಾತ್ರೆಯೋ?"

"ಪಾತ್ರೆ ಯಾಕಾಗುತ್ತೆ? ನನ್ನ ತಂಗಿಯ ಮಗು."

ಅಂದವಳು ಅಲ್ಲಿಗೇ ನಿಂತಳು.

ಐಲಿ ಫೋನನ್ನು ಮತ್ತೆ ಅವಳತ್ತ ಚಾಚಿದಳು.

"ಇನ್ನೊಂದು ಸಲ ಮಾಡು. ತನಗೆ ಅವಮಾನ ಆಗಿದೆ ಅಂತ ಪಾಪ ಅದಕ್ಕಿನ್ನೂ ಗೊತ್ತಿಲ್ಲ. ನೀನೇ ಹೇಳಿಬಿಡು."