ಮೊದಲೆಣ್ಣೆ ಯಾರ ದೀಪಕ್ಕೆ?

ಬಹಳ ಹಿಂದೆ, ನಮ್ಮ ಅಜ್ಜಂದಿರ ಅಜ್ಜಂದಿರೂ ಹುಟ್ಟದ ಕಾಲದಲ್ಲಿ, ಇಸ್ರಾಯೇಲ್ ಎಂಬ ನಾಡಿನಲ್ಲಿ ಒಬ್ಬ ಅರಸನಿದ್ದ. ಅವನು ಪಟ್ಟಕ್ಕೆ ಬಂದ ಹೊಸದರಲ್ಲಿ ದೇವರು ಕನಸಿನಲ್ಲಿ ಬಂದು, "ಏನು ಬೇಕೋ ಕೇಳಪ್ಪ" ಅಂದನಂತೆ. ಬೇರೆಯವರಾಗಿದ್ದರೆ ಬಂಗಾರ ಕೇಳುತ್ತಿದ್ದರು. ಶತ್ರುವಿನ ತಲೆ ಕೇಳುತ್ತಿದ್ದರು. ಇವನು ಬುದ್ಧಿ ಕೇಳಿದ. ದೇವರಿಗೆ ಸಂತೋಷವಾಯಿತು. ಬುದ್ಧಿಯನ್ನೂ ಕೊಟ್ಟ, ಕೇಳದೆ ಇದ್ದ ಬಂಗಾರವನ್ನೂ ಕೊಟ್ಟ.

ಅಲ್ಲಿಂದ ಶುರುವಾಯಿತು ನೋಡಿ ನಾಡಿನ ಸಿರಿ. ಹಡಗು ಬಂತು. ಹಡಗಿನಲ್ಲಿ ದಂತ ಬಂತು, ನವಿಲು ಬಂತು, ಕೋತಿ ಬಂತು. ಬೆಳ್ಳಿ ಬಿದ್ದಿದ್ದರೂ ಜನ ಬಗ್ಗಿ ಎತ್ತದ ಹಾಗಾಯಿತು. ಅರಸ ದೇವರಿಗೆ ಒಂದು ದೊಡ್ಡ ಆಲಯ ಕಟ್ಟಿಸಿದ.

ಆಲಯದ ದೀಪಕ್ಕೆ ಒಂದು ಕಟ್ಟಳೆ ಇತ್ತು. ಎಣ್ಣೇಮರದ, ಅಂದರೆ ಆಲಿವ್ ಮರದ, ಕಾಯನ್ನು ಗಾಣಕ್ಕೆ ಹಾಕುವ ಮೊದಲು ಒರಳಿನಲ್ಲಿ ಮೆಲ್ಲಗೆ ಕುಟ್ಟಬೇಕು. ಕುಟ್ಟಿದ್ದನ್ನು ಬುಟ್ಟಿಯಲ್ಲಿ ತುಂಬಿಟ್ಟರೆ, ಯಾರೂ ಹಿಂಡದೆ ತಾನಾಗಿ ತೊಟ್ಟಿಕ್ಕುತ್ತದಲ್ಲ, ಅದು ಮೊದಲೆಣ್ಣೆ. ಅದಕ್ಕೆ ಹೊಗೆ ಇಲ್ಲ, ಮಸಿ ಇಲ್ಲ. ಅದು ದೇವರ ದೀಪಕ್ಕೆ. ಆಮೇಲೆ ಗಾಣದಲ್ಲಿ ಹಿಂಡಿದ್ದು ಅಡುಗೆಗೆ. ತಳದಲ್ಲಿ ಉಳಿಯುವ ಗಸಿ ಬಂಡಿಯ ಅಚ್ಚಿಗೆ.

ಮೊದಲೆಣ್ಣೆ ಕುಟ್ಟುವವಳ ಹೆಸರು ಮಿಲ್ಕಾ. ಗಂಡ ಸತ್ತಾಗ ಅವಳಿಗೆ ಉಳಿದದ್ದು ಒಂದು ಒರಳು ಮತ್ತು ಕಲ್ಲುಗುಡ್ಡದ ಮೇಲೆ ಒಂದು ಚೂರು ಬರಡು ನೆಲ. ಕಲ್ಲು ಹೆಕ್ಕಿದಳು. ಸಸಿ ನೆಟ್ಟಳು. ಕೊಡ ಕೊಡ ನೀರು ಹೊತ್ತಳು. ಮರ ಕಾಯಿ ಬಿಟ್ಟ ವರ್ಷ ಎಣ್ಣೆ ಹೊತ್ತು ಆಲಯಕ್ಕೆ ಹೋದರೆ, "ಹೆಂಗಸು ಕುಟ್ಟಿದ್ದು ದೇವರಿಗೆ ಹೇಗಾಗುತ್ತದೆ?" ಎಂದು ಅಲ್ಲಿ ಪೂಜೆ ಮಾಡುವ ಯಾಜಕರು ಮೂಗು ಮುರಿದರು. ಮಿಲ್ಕಾ ಅದೇ ಮೂಗಿನ ಕೆಳಗೆ ದೀಪ ಹಚ್ಚಿ ಹಿಡಿದಳು. "ಹೊಗೆ ಬಂದರೆ ಹೇಳಿ, ವಾಪಸ್ಸು ಒಯ್ಯುತ್ತೇನೆ." ಹೊಗೆ ಬರಲಿಲ್ಲ. ಅಂದಿನಿಂದ ದೇವರ ದೀಪ ಅವಳ ಪಾಲಿನ ಕೆಲಸವಾಯಿತು. ಅವಳಿಗೆ ಮಕ್ಕಳಿಲ್ಲ, ಬಳಗವಿಲ್ಲ. ಆ ಕೆಲಸವೇ ಅವಳ ಮಾನ, ಅವಳ ಬಾಳು.

ಅರಸ ನ್ಯಾಯ ಹೇಳುವ ಮಂಟಪದ ದೀಪಕ್ಕೂ ಒಂದು ಕೊಡ ಮೊದಲೆಣ್ಣೆ ಹೋಗುತ್ತಿತ್ತು. "ದೇವರ ಬೆಳಕಿನಲ್ಲೇ ನಾನು ನ್ಯಾಯ ಹೇಳಬೇಕು" ಎಂದು ಅರಸನೇ ಕೇಳಿಕೊಂಡಿದ್ದ. ಆಗ ಅವನು ಅಂಥವನಾಗಿದ್ದ.

ಸಿರಿ ಬಂದ ಮೇಲೆ ಸಂಬಂಧಗಳೂ ಬಂದವು. ನಾಡಿಗೊಬ್ಬಳಂತೆ ರಾಣಿಯರು ಬಂದರು. ರಾಣಿಯರ ಹಿಂದೆ ಅವರವರ ದೇವರುಗಳೂ ಬಂದವು.

ಒಂದು ದಿನ ಅರಸ ತಾನೇ ನಡೆದುಕೊಂಡು ಮಿಲ್ಕಾಳ ಒರಳಿನ ಹತ್ತಿರ ಬಂದ. ಕಲ್ಲಿನ ಮೇಲೆ ಕುಳಿತ.

"ಮಿಲ್ಕಾ, ಐಗುಪ್ತದ ರಾಣಿ ತವರನ್ನು ನೆನೆದು ಅಳುತ್ತಾಳೆ. ಎದುರು ಗುಡ್ಡದಲ್ಲಿ ಅವಳ ದೇವರಿಗೊಂದು ಗುಡಿ ಕಟ್ಟಿಸಿದೆ. ಚಿಕ್ಕದು. ಅದರ ದೀಪಕ್ಕೆ ಒಂದಿಷ್ಟು ಮೊದಲೆಣ್ಣೆ ಕೊಡಮ್ಮ."

"ಒಡೆಯಾ, ಅದು ದೇವರ ಪಾಲು."

"ಅಳುವವಳ ಕಣ್ಣೊರೆಸಿದರೆ ದೇವರು ಬೇಡ ಅನ್ನುತ್ತಾನೆಯೇ?"

ಮಾತು ಜೇನಿನಂತಿತ್ತು. ಮಿಲ್ಕಾ ಕೊಟ್ಟಳು.

ಎರಡನೆಯ ಸಲ ಅರಸ ಬರಲಿಲ್ಲ, ಹೇಳಿಕಳುಹಿಸಿದ. ದಂತದ ಸಿಂಹಾಸನದ ಮುಂದೆ ಮಿಲ್ಕಾ ನಿಂತಳು.

"ಚೀದೋನಿನ ರಾಣಿಯ ತವರಿನಿಂದ ನಮಗೆ ದೇವದಾರು ಬರುತ್ತದೆ. ಅವಳ ದೇವಿಗೂ ಗುಡಿಯಾಗಿದೆ. ಮೊದಲೆಣ್ಣೆಯಲ್ಲಿ ಅರ್ಧ ಗುಡ್ಡಕ್ಕೆ ಹೋಗಲಿ."

"ಹಾಗಾದರೆ ದೇವರ ದೀಪ?"

"ಬತ್ತಿ ಸಣ್ಣದು ಮಾಡಲಿ. ಬೆಳಕು ಸಣ್ಣದಾದರೆ ದೇವರು ಸಣ್ಣವನಾಗುತ್ತಾನೆಯೇ?"

"ಆಹಾ, ಎಂಥ ಮಾತು!" ಅಂದಿತು ಸಭೆ. ಮಿಲ್ಕಾ ಅರ್ಧ ಅಳೆದು ಕೊಟ್ಟಳು. ಅಂದು ಮಾತ್ರ ಊಟ ಸೇರಲಿಲ್ಲ.

ಮೂರನೆಯ ಸಲ ಅರಸ ಕರೆಯಲೂ ಇಲ್ಲ. ಅರಮನೆಯ ಪಾರುಪತ್ಯಗಾರ ಎಲಾಸ ಹೇಸರಗತ್ತೆಯ ಮೇಲೆ ಬಂದ. ಇಳಿಯದೆ, ಮೇಲಿನಿಂದಲೇ ಹೇಳಿದ.

"ಅಮ್ಮೋನಿನ ರಾಣಿಯ ದೇವರಿಗೂ ಗುಡಿಯಾಯಿತು. ಇನ್ನು ಮೊದಲೆಣ್ಣೆಯೆಲ್ಲ ಗುಡ್ಡಕ್ಕೆ. ಅರಸರ ಮಂಟಪಕ್ಕೆ ಎಂದಿನ ಕೊಡ."

"ದೇವರ ದೀಪಕ್ಕೆ?"

"ಗಾಣದ ತಳದಲ್ಲಿ ಇರುತ್ತದಲ್ಲ, ಅದನ್ನೇ ಹಾಕು."

"ಅಯ್ಯೋ ಮಹಾರಾಯ, ಅದು ಬಂಡಿಗೆ ಹಾಕುವ ಗಸಿ!"

"ಅರಸರ ಬಾಯಿಂದ ಬಂದ ಮಾತು ಹೇಳುತ್ತೇನೆ, ಕೇಳಿಸಿಕೋ. ಗುಡ್ಡದ ದೇವರುಗಳಿಗೆ ಸಿಟ್ಟು ಬೇಗ. ನಮ್ಮ ದೇವರಿಗೆ ತಾಳ್ಮೆ ಇದೆ. ಅವನು ನಮ್ಮವನು, ಮನೆಯವನು. ಅವನಿಗೆ ಎಣ್ಣೆ ಮುಖ್ಯವಲ್ಲ, ಮನಸ್ಸು ಮುಖ್ಯ."

"ನಾನು ಒಪ್ಪದಿದ್ದರೆ?"

"ಒಪ್ಪುವವರು ಬಂದು ನಿನ್ನ ಒರಳಿನ ಮುಂದೆ ಕೂರುತ್ತಾರೆ" ಎಂದು ಎಲಾಸ ಹೇಸರಗತ್ತೆಯನ್ನು ತಿರುಗಿಸಿದ.

ಮಿಲ್ಕಾ ಒನಕೆ ಹಿಡಿದು ಕುಳಿತೇ ಇದ್ದಳು. ಮೊದಲ ಸಲವೇ ಆಗದು ಅಂದಿದ್ದರೆ ಮೂರನೆಯ ಸಲ ಬರುತ್ತಿತ್ತೇ? ಎದುರಿಗೆ ಎರಡು ಕೊಡ. ಒಂದರಲ್ಲಿ ಮಂಟಪದ ಮೊದಲೆಣ್ಣೆ, ಇನ್ನೊಂದರಲ್ಲಿ ಆಲಯದ ಗಸಿ. ಎರಡನ್ನೂ ನೋಡಿದಳು. ಎದ್ದಳು. ಮೊದಲೆಣ್ಣೆಯನ್ನು ಆಲಯಕ್ಕೆ ಹೊತ್ತಳು. ಗಸಿಯನ್ನು ಮಂಟಪದ ದೀಪಕ್ಕೆ ಸುರಿದಳು.

ಅಂದು ಅರಸನ ಬುದ್ಧಿಯನ್ನು ಕಣ್ಣಾರೆ ನೋಡಲು ದೂರದ ನಾಡುಗಳಿಂದ ದೂತರು ಬಂದಿದ್ದರು. ದೀಪ ಹಚ್ಚಿದರು. ಮೊದಲು ಅರಮನೆಯ ಕೋತಿ ಸೀನಿತು. ಆಮೇಲೆ ದೂತರ ಕಣ್ಣಲ್ಲಿ ನೀರು ಬಂತು. ಕೊನೆಗೆ ಮಸಿ ಎಳೆ ಎಳೆಯಾಗಿ ಇಳಿದು ದಂತದ ಸಿಂಹಾಸನದ ಮೇಲೆ, ಅರಸನ ಬಿಳಿ ನಿಲುವಂಗಿಯ ಮೇಲೆ, ಮೂಗಿನ ತುದಿಯ ಮೇಲೆ ಕೂತಿತು. ಒಬ್ಬ ದೂತ ನಗು ತಡೆಯಲಾರದೆ ಮುಖ ತಿರುಗಿಸಿದ.

"ಯಾರು ತಂದ ಎಣ್ಣೆ ಇದು? ಎಳೆದು ತನ್ನಿ!" ಎಂದು ಅರಸ ಗುಡುಗಿದ.

ಎಳೆಯುವ ಕೆಲಸವಿರಲಿಲ್ಲ. ಮಿಲ್ಕಾ ಬಾಗಿಲಲ್ಲೇ ನಿಂತಿದ್ದಳು.

"ಏನೇ ಇದು?"

"ದೇವರ ದೀಪಕ್ಕೆ ತಾವು ಗೊತ್ತುಮಾಡಿದ ಎಣ್ಣೆ, ಒಡೆಯಾ."

"ಅದನ್ನು ನನ್ನ ಮಂಟಪಕ್ಕೆ ತರುತ್ತೀಯಾ? ಇಷ್ಟು ಜನರ ಎದುರು ನನ್ನ ಮಾನ ಕಳೆಯುತ್ತೀಯಾ?"

"ರಾಣಿಯರಿಗೆ ಸಿಟ್ಟು ಬೇಗ. ಅರಸರಿಗೆ ತಾಳ್ಮೆ ಇದೆ. ನಮ್ಮವರು, ಮನೆಯವರು. ಅವರಿಗೆ ಎಣ್ಣೆ ಮುಖ್ಯವಲ್ಲ, ಮನಸ್ಸು ಮುಖ್ಯ ಅಂದುಕೊಂಡೆ."

"ಬಾಯಿ ಮುಚ್ಚೇ!" ಎಂದು ಎಲಾಸ ಕೂಗಿದ.

"ಮುಚ್ಚುತ್ತೇನೆ. ಅರಸರು ಒಂದು ನ್ಯಾಯ ಹೇಳಿಬಿಡಲಿ. ಅರಸರಿಗೆ ಅವಮಾನವಾದದ್ದು ದೇವರಿಗೆ ಪೂಜೆ ಹೇಗಾಗುತ್ತದೆ?"

ಹೇಳಿಕೇಳಿ ಬುದ್ಧಿವಂತ, ಅರಸನಿಗೆ ಎಲ್ಲ ತಿಳಿಯಿತು. ತನ್ನ ಮಾತೇ ತನ್ನ ಕುತ್ತಿಗೆಗೆ ಬಿದ್ದಿದೆ. ಶಿಕ್ಷಿಸಿದರೆ ದೂತರು ನಗುತ್ತಾರೆ, ಸುಮ್ಮನಿದ್ದರೆ ಮಸಿ ಬೀಳುತ್ತದೆ.

"ಮೊದಲೆಣ್ಣೆ ದೇವರಿಗೇ ಹೋಗಲಿ" ಅಂದ. "ಒರಳು ಇವಳದೇ. ಇವಳ ತಂಟೆಗೆ ಯಾರೂ ಹೋಗಕೂಡದು."

ದೂತರು ತಲೆದೂಗಿದರು. ಎಲಾಸ ತಲೆ ತಗ್ಗಿಸಿದ. ಮಿಲ್ಕಾ ಗೆದ್ದಳು.

ಕತೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಅರಸ ಗುಡ್ಡದ ಗುಡಿಗಳಿಗೆ ಹಡಗಿನಲ್ಲಿ ಬೇರೆ ಎಣ್ಣೆ ತರಿಸಿಕೊಂಡ. ಆಲಯದಲ್ಲಿ ದೀಪ ಹೊಗೆಯಿಲ್ಲದೆ ಉರಿಯಿತು, ಅರಸ ನಿಲ್ಲುವ ಜಾಗ ಮಾತ್ರ ಖಾಲಿ. ಹಬ್ಬ ಬಂತು, ಅವನು ಬರಲಿಲ್ಲ. ಇನ್ನೊಂದು ಹಬ್ಬ ಬಂತು, ಬರಲಿಲ್ಲ.

ವರ್ಷಗಳಾದ ಮೇಲೆ ಒಂದು ದಿನ ಗುಡ್ಡದ ದಾರಿಯಲ್ಲಿ ಮಿಲ್ಕಾಳಿಗೆ ಅವನು ಸಿಕ್ಕ. ಮುದುಕನಾಗಿದ್ದ. ರಾಣಿಯರ ದಾಸಿಯರು ಕೈ ಹಿಡಿದು ಮೇಲಿನ ಗುಡಿಗಳತ್ತ ನಡೆಸುತ್ತಿದ್ದರು.

"ಒಡೆಯಾ, ಆಲಯದ ದೀಪ ಚೆನ್ನಾಗಿ ಉರಿಯುತ್ತಿದೆ."

"ಗೊತ್ತು ಮಿಲ್ಕಾ."

"ಈ ದಾರಿ ಸರಿಯಲ್ಲ ಅನ್ನುವುದು?"

"ಅದೂ ಗೊತ್ತು."

"ಮತ್ತೆ ತಿರುಗಿ ಬನ್ನಿ. ಕೆಳಗಿಳಿಯುವುದೇನು ಕಷ್ಟ?"

ಅರಸ ಕೆಳಗಿನ ಆಲಯದತ್ತ ನೋಡಿದ. "ಗೊತ್ತಿದ್ದರೆ ಸಾಕು, ಬೇಕಾದಾಗ ತಿರುಗಬಹುದು ಅಂದುಕೊಂಡಿದ್ದೆ" ಅಂದ. ಆಮೇಲೆ ದಾಸಿಯರ ಭುಜ ಹಿಡಿದು ಮೇಲಕ್ಕೇ ಹತ್ತಿದ.

ದೇವರನ್ನು ಬಿಟ್ಟ ತಪ್ಪಿಗೆ, ಅವನು ಸತ್ತ ಮೇಲೆ ನಾಡು ಎರಡು ಹೋಳಾಯಿತು. ಅಣ್ಣತಮ್ಮಂದಿರಂತಿದ್ದ ಜನ ಗಡಿ ಹಾಕಿಕೊಂಡು ಕತ್ತಿ ಹಿಡಿದರು.

ಕೇಳಿದಿರಲ್ಲ ಮಕ್ಕಳೇ? ಸರಿ ಯಾವುದು ಎಂದು ತಿಳಿದರೆ ಸಾಲದು, ತಿಳಿದ ಹಾಗೆ ನಡೆಯಬೇಕು. ತಪ್ಪಿಗೆ ಚೆಂದದ ಕಾರಣ ಹುಡುಕಿಕೊಡುವ ಬುದ್ಧಿ ದಡ್ಡತನಕ್ಕಿಂತ ಕೆಟ್ಟದ್ದು. ದಡ್ಡನಿಗೆ ಇನ್ನೊಬ್ಬರು ಹೇಳಿಕೊಡಬಹುದು. ಎಲ್ಲ ಗೊತ್ತಿದ್ದವನಿಗೆ ಯಾರು ಏನು ಹೇಳುತ್ತಾರೆ?